ಟಿಕೆಟ್ಟಿಲ್ಲದ ಪೀಪಾಯಿ

ಮತಪತ್ರದಲ್ಲಿ ಇದ್ದದ್ದು ಒಂದೇ ಹೆಸರು: ವೆಂಡಲ್ ಹಸ್ಕೆಲ್. ಮೂರು ಸಲ ಗೆದ್ದ ಶಾಸಕರು. ನಾಲ್ಕನೆಯ ಸಲ ಎದುರಾಳಿಯೇ ಇಲ್ಲದೆ ನಿಂತಿದ್ದರು.

ಆಗಸ್ಟ್ ಕೊನೆಯ ವಾರ ಅವರು ಸೇಂಟ್ ಒಡಿಲ್‌ನ ಊರಭವನಕ್ಕೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಹದವಾದ ಧ್ವನಿ, ಕೈಯಲ್ಲೊಂದು ನಕ್ಷೆ. ನಕ್ಷೆಯಲ್ಲಿ ಹಿಂಕೇರಿ ರಸ್ತೆಗೆ ಬೂದು ಬಣ್ಣ ಬಳಿದಿತ್ತು. ಬೂದು ಬಣ್ಣದ ರಸ್ತೆಗಳಲ್ಲಿ ಫೆಬ್ರವರಿಯಿಂದ ಹಿಮ ತೆಗೆಯುವ ಗಾಡಿ ಓಡುವುದಿಲ್ಲ, ಹೊಸ ವಿಧಾನಸಭೆ ಜನವರಿಯಲ್ಲಿ ಕೂತ ಕೂಡಲೇ ಇದಕ್ಕೆ ಕೊನೆಯ ಒಪ್ಪಿಗೆ ಬೀಳುತ್ತದೆ ಎಂದು ಅವರು ವಿವರಿಸಿದರು. ವಿಧಾನಸಭೆಯ ರಸ್ತೆ ಸಮಿತಿಯಲ್ಲಿ ಈ ಯೋಜನೆಗೆ ಕೈ ಎತ್ತಿದವರಲ್ಲಿ ತಾವೂ ಒಬ್ಬರು ಎಂಬುದನ್ನು ಮುಚ್ಚಿಡಲಿಲ್ಲ. ಮನುಷ್ಯ ಸುಳ್ಳುಗಾರನಲ್ಲ.

ಮೂರನೆಯ ಸಾಲಿನಿಂದ ಕ್ಲಾರಿಸ್ ಲಿಜೋಟ್ ಎದ್ದು ನಿಂತಳು. ಹಿಂಕೇರಿ ರಸ್ತೆಯ ತುದಿಯಲ್ಲಿ ಅವಳ ಹೊಲ, ಹೊಲದ ಪಕ್ಕದಲ್ಲಿ ಅರ್ಧ ನೆಲದೊಳಗೆ ಹುದುಗಿದ ಆಲೂಗಡ್ಡೆಯ ಉಗ್ರಾಣ. ಸೆಪ್ಟೆಂಬರಿನಲ್ಲಿ ಅಗೆದದ್ದನ್ನು ಅಲ್ಲಿ ತುಂಬಿಟ್ಟು ಏಪ್ರಿಲ್‌ವರೆಗೆ ಲಾರಿ ಲಾರಿಯಾಗಿ ಮಾರುವುದು ಅವಳ ಗಂಡನ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಫೆಬ್ರವರಿಯಲ್ಲಿ ರಸ್ತೆ ಮುಚ್ಚಿದರೆ ಅರ್ಧ ಫಸಲು ಉಗ್ರಾಣದಲ್ಲೇ ಕೊಳೆಯುತ್ತದೆ. ಒಂದು ವರ್ಷ ಹಾಗೆ ಕೊಳೆತರೆ ಹೊಲ ಮಾರುವುದೊಂದೇ ದಾರಿ. ಇದರಲ್ಲಿ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.

"ಹಸ್ಕೆಲ್ ಅವರೇ, ನನ್ನ ಆಲೂಗಡ್ಡೆ ಏನ್ ಹಾರ್ಕೊಂಡ್ ಹೋಗ್ಬೇಕಾ ಪೇಟೆಗೆ?"

ಜನ ನಕ್ಕರು. ಹಸ್ಕೆಲ್ ಕೂಡ ನಕ್ಕರು. "ನಿಮ್ಮ ಕಷ್ಟ ಅರ್ಥ ಆಗತ್ತೆ, ಮೇಡಂ. ಆದ್ರೆ ಆ ರಸ್ತೇಲಿ ಓಡಾಡೋ ಗಾಡಿಗಳು ತೀರಾ ಕಮ್ಮಿ."

"ನಾವು ಇದಕ್ಕೆ ಒಪ್ಪಲ್ಲ ಅಂದ್ರೆ? ಏನ್ ಮಾಡ್ಬೇಕು ಹೇಳಿ."

"ನನ್ನ ಎದುರಿಗೆ ನಿಲ್ಬಹುದಿತ್ತು," ಎಂದರು ಅವರು, ತಮಾಷೆಯಾಗಿಯೇ. "ಆದ್ರೆ ಅರ್ಜಿ ಹಾಕೋ ಕೊನೇ ದಿನ ಮಾರ್ಚಲ್ಲೇ ಮುಗ್ದೋಯ್ತಲ್ಲ."

ಈ ಸಲ ನಕ್ಕವರು ಅವರೊಬ್ಬರೇ.

ಮರುದಿನ ಬೆಳಿಗ್ಗೆ ಕ್ಲಾರಿಸ್ ಊರ ಕಚೇರಿಯ ಗುಮಾಸ್ತೆ ಅನೆಟ್‌ಳ ಮೇಜಿನ ಮುಂದೆ ನಿಂತು ಮಾದರಿ ಮತಪತ್ರ ಕೇಳಿದಳು. ಹಸ್ಕೆಲ್ ಹೆಸರಿನ ಪಕ್ಕದಲ್ಲಿ ಮಸಿ ತುಂಬಿ ಮತ ಹಾಕಲು ಒಂದು ಉದ್ದನೆಯ ಖಾಲಿ ಸೊನ್ನೆ. ಅದರ ಕೆಳಗೆ ಇನ್ನೊಂದು ಸೊನ್ನೆ, ಪಕ್ಕದಲ್ಲಿ ಖಾಲಿ ಗೆರೆ.

"ಈ ಗೆರೆ ಯಾಕೆ?"

"ಅಚ್ಚಾಗದೇ ಇರೋರ ಹೆಸರು ಬರೆಯೋಕೆ. ಅವ್ರು ಮುಂಚೆ ಬಂದು ದಾಖಲು ಮಾಡಿಸ್ಕೊಂಡಿರ್ಬೇಕು, ಇಲ್ದಿದ್ರೆ ಎಣಿಸಲ್ಲ. ಹೋದ್ಸಲ ಒಬ್ರು ಅವ್ರ ನಾಯಿ ಹೆಸರು ಬರ್ದಿದ್ರು."

"ಹಾಗೆ ಬರೆಸ್ಕೊಂಡು ಗೆದ್ದೋರು ಇದ್ದಾರಾ?"

ಅನೆಟ್ ಕನ್ನಡಕ ತೆಗೆದು ಒರೆಸಿದಳು. "ನಾನಂತೂ ಕಂಡಿಲ್ಲ, ಕ್ಲಾರಿಸ್. ನಾಯಿಗೆ ಬಿದ್ದಿದ್ದು ಒಂದೇ ವೋಟು."

ಯಾರು ನಿಲ್ಲಬೇಕು ಎಂಬುದರ ಬಗ್ಗೆ ಹಿಂಕೇರಿಯಲ್ಲಿ ಎರಡು ಮಾತಿರಲಿಲ್ಲ. ಕ್ಲಾರಿಸ್ ಅಲ್ಲ, ಅವಳಿಗೆ ಸಿಟ್ಟು ಬಂದರೆ ಮಾತು ಕಟ್ಟುತ್ತದೆ, ಸಿಟ್ಟು ಬೇಗ ಬರುತ್ತದೆ. ನಿಲ್ಲಬೇಕಾದವಳು ಜಿಲ್ಬರ್ಟ್ ಪ್ಲೂರ್ಡ್. ಇಪ್ಪತ್ತೇಳು ವರ್ಷದಿಂದ ಶಾಲಾ ಬಸ್ ಓಡಿಸುತ್ತಿದ್ದಳು. ಕ್ಷೇತ್ರದ ಆರೂ ಊರುಗಳಲ್ಲಿ ನಡುವಯಸ್ಸು ದಾಟದ ಅರ್ಧ ಜನ ಅವಳ ಬಸ್ಸಿನಲ್ಲಿ ಕೂತು ಬೆಳೆದವರು. ಈಗಲೂ ಅವಳು ಅಂಗಡಿಯಲ್ಲಿ ಜೋರಾಗಿ ಮಾತಾಡಿದರೆ ಗಡ್ಡ ಬಿಟ್ಟ ಗಂಡಸರು ಕೂರಲು ಜಾಗ ಹುಡುಕುತ್ತಿದ್ದರು.

ತೊಡಕು ಒಂದೇ. ಜಿಲ್ಬರ್ಟ್ ಕ್ಲಾರಿಸ್‌ಳ ನಾದಿನಿ, ಗಂಡ ರೊಝೇರ್‌ನ ತಂಗಿ. ಅತ್ತೆ ತೀರಿಕೊಂಡಾಗ ಅವರ ಎರಕದ ಕಾವಲಿ ಯಾರಿಗೆ ಎಂಬುದರ ಮೇಲೆ ಮಾತು ಬಿಟ್ಟವರು, ಹತ್ತು ವರ್ಷಕ್ಕೂ ಮೀರಿ ರೊಝೇರ್‌ನ ಮೂಲಕವೇ ಮಾತಾಡುತ್ತಿದ್ದರು. ಪ್ಲೋಯ್ ಹುಯ್ಯಲು ಆ ಕಾವಲಿಗೆ ಸಮ ಇನ್ನೊಂದಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಿದ್ದರು. ಒಂದೇ ಮಗ್ಗುಲು ಬೇಯುವ ಆ ಹಳದಿ ದೋಸೆ ಬೇರೆ ಬಾಣಲೆಯಲ್ಲಿ ಕಣ್ಣು ಬಿಡುವುದಿಲ್ಲ.

ಕ್ಲಾರಿಸ್ ಹೋದಾಗ ಜಿಲ್ಬರ್ಟ್ ಬಸ್ ತೊಳೆಯುತ್ತಿದ್ದಳು. ನೀರಿನ ಪೈಪನ್ನು ಬಂದ್ ಮಾಡಲಿಲ್ಲ.

"ಅಣ್ಣನ್ನ ಕಳಿಸೋದು ಬಿಟ್ಟು ನೀವೇ ಬಂದ್ಬಿಟ್ರಲ್ಲ, ಅತ್ತಿಗೆ. ಯಾರಾದ್ರೂ ಸತ್ರಾ?"

"ನೀನು ಎಲೆಕ್ಷನ್‌ಗೆ ನಿಲ್ಬೇಕು."

"ನಾನಾ?"

"ಊರೆಲ್ಲ ನಿನ್ನ ಹೆಸರೇ ಹೇಳ್ತಿದೆ. ನಾನು ಹೇಳ್ಲಿಲ್ಲ."

"ಅದು ಗೊತ್ತು ಬಿಡಿ." ಜಿಲ್ಬರ್ಟ್ ಚಕ್ರಕ್ಕೆ ನೀರು ಬಿಟ್ಟಳು. "ಹೆಸರೇ ಅಚ್ಚಾಗಿಲ್ಲ. ಜನ ಅಷ್ಟು ದೂರ ಬಂದು, ಪೆನ್ ಹಿಡ್ದು, ನನ್ನ ಹೆಸರು ಬರೀಬೇಕು. ನಗೆಪಾಟ್ಲು ಮಾಡೋಕೆ ಒಳ್ಳೇ ದಾರಿ ಹುಡುಕಿದ್ದೀರಿ."

"ಸೋತ್ರೆ ನಗೆಪಾಟ್ಲು ಆಗೋದು ನಿನ್ನ ಹೆಸರು. ಹೋಗೋದು ನನ್ನ ಹೊಲ. ಯಾವ್ದು ಹೆಚ್ಚು?"

ಜಿಲ್ಬರ್ಟ್ ನೀರು ನಿಲ್ಲಿಸಿದಳು. ಆ ಹೊಲದಲ್ಲೇ ಅವಳು ಹುಟ್ಟಿದ್ದು.

"ಕಾವಲಿ?"

"ಪಿಕಪ್‌ನಲ್ಲಿದೆ."

"ಅಂದ್ರೆ ನಾನು ಕೇಳ್ತೀನಿ ಅಂತ ಗೊತ್ತಿತ್ತು."

"ಹತ್ತು ವರ್ಷದಿಂದ ಕೇಳ್ತಾನೇ ಇದ್ದೀಯಲ್ಲೇ."

ಹಾಗೆ ಪ್ರಚಾರ ಶುರುವಾಯಿತು. ಜಿಲ್ಬರ್ಟ್ ಹೆಸರು ದಾಖಲಾಯಿತು. ಆರು ಊರು, ಒಂದು ಪಿಕಪ್, ಕ್ಲಾರಿಸ್‌ಳ ಫೋನು. ಹಸ್ಕೆಲ್ ಪತ್ರಿಕೆಯವರಿಗೆ "ಪ್ರಜಾಪ್ರಭುತ್ವದಲ್ಲಿ ಎಲ್ಲರಿಗೂ ಸ್ವಾಗತ" ಎಂದು ಹೇಳಿ ರಜೆಗೆ ಹೋದರು. ಆಲೂಗಡ್ಡೆ ಅಗೆಯುವ ಹಂಗಾಮು ಬಂತು, ಶಾಲೆಗಳಿಗೆ ಸುಗ್ಗಿಯ ರಜೆ ಕೊಟ್ಟರು, ಜನರೆಲ್ಲ ಹೊಲದಲ್ಲಿ ಸಿಗತೊಡಗಿದರು. ಜಿಲ್ಬರ್ಟ್ ಹೊಲದಿಂದ ಹೊಲಕ್ಕೆ ಹೋದಳು. ಭಾಷಣ ಮಾಡಲಿಲ್ಲ. ಯಾವ ತಿರುವಿನಲ್ಲಿ ಯಾವ ವರ್ಷ ಯಾರ ಗಾಡಿ ಹಿಮದಲ್ಲಿ ಸಿಕ್ಕಿಬಿದ್ದಿತ್ತು ಎಂದು ನೆನಪಿಸಿದಳು. "ಆಗ ಗಾಡಿ ಬಂದು ದಾರಿ ಬಿಡಿಸ್ತು. ಇನ್ಮೇಲೆ ಬರಲ್ಲ," ಎನ್ನುತ್ತಿದ್ದಳು. ಇಷ್ಟೇ. ಪ್ರಚಾರ ಅಂದರೆ ಇಷ್ಟು ಸುಲಭವೇ ಎಂದು ಕ್ಲಾರಿಸ್‌ಗೆ ಅನಿಸತೊಡಗಿತು.

ಅನಿಸಿದ್ದು ತಪ್ಪು. ಅದು ಗೊತ್ತಾದದ್ದು ಚರ್ಚಿನ ನೆಲಮಾಳಿಗೆಯ ಕೋಳಿ ಸ್ಟ್ಯೂ ಊಟದ ದಿನ. ಊಟಕ್ಕೆ ಮೊದಲು ಕ್ಲಾರಿಸ್ ಎಲ್ಲರಿಗೂ ಮತಪತ್ರದ ನಕಲು ಹಂಚಿ, ಮತ ಹಾಕಿ ತೋರಿಸಿ ಎಂದಳು. ಸೊನ್ನೆ ತುಂಬುವುದನ್ನು ಮರೆಯಬೇಡಿ ಎಂದು ಎರಡು ಸಲ ಹೇಳಿದಳು. ಮತ ಎಣಿಸುವ ಯಂತ್ರ ನೋಡುವುದು ಸೊನ್ನೆಯನ್ನು. ಸೊನ್ನೆ ಕಪ್ಪಾಗಿದ್ದರೆ ಮಾತ್ರ ಆ ಹಾಳೆ ಬೇರೆ ಬೀಳುತ್ತದೆ, ಆಮೇಲೆ ಮನುಷ್ಯರು ಹೆಸರು ಓದುತ್ತಾರೆ. ಸೊನ್ನೆ ಖಾಲಿಯಿದ್ದರೆ ಹೆಸರು ಬಂಗಾರದ ಅಕ್ಷರದಲ್ಲಿದ್ದರೂ ವ್ಯರ್ಥ. ಹಾಳೆಗಳನ್ನು ಕೂಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ಜಿಲ್ಬರ್ಟ್ ಹೆಸರನ್ನು ಅಚ್ಚುಕಟ್ಟಾಗಿ ಬರೆದು ಸೊನ್ನೆಯನ್ನು ಹಾಗೇ ಬಿಟ್ಟಿದ್ದರು.

"ಯಾಕೆ?" ಎಂದಳು ಕ್ಲಾರಿಸ್. ಅವಳಿಗೆ ಮಾತು ಕಟ್ಟುತ್ತಿತ್ತು.

ಮೊದಲ ಬೆಂಚಿನಲ್ಲಿದ್ದ ಫಿಲಿಯಾಸ್ ಮಾವ ಚಮಚ ಕೆಳಗಿಟ್ಟ. ಎಂಬತ್ತು ದಾಟಿದ ಮುದುಕ, ಕ್ಲಾರಿಸ್‌ಳ ತಾಯಿಯ ತಮ್ಮ, ಯಾವ ಸಭೆಯಲ್ಲೂ ಮೊದಲು ಬಾಯಿಬಿಡುವವನು. "ನೋಡಮ್ಮ, ಹೆಸರನ್ನೇ ಬರ್ದಾಯ್ತು. ಯಾರು ಬೇಕು ಅಂತ ಹೇಳಾಯ್ತು. ಮತ್ತೆ ಪಕ್ಕದಲ್ಲಿ ಮಸಿ ತುಂಬು ಅಂದ್ರೆ? ಒಂದ್ಸಲ ಹೇಳಿದ್ರೆ ಸಾಲ್ದಾ? ನಾವೇನ್ ಶಾಲೆ ಮಕ್ಕಳಾ?"

"ಮಾವ, ಹಾಗೆ ಬಿಟ್ರೆ ವೋಟು ಬೀಳಲ್ಲ."

"ಮನುಷ್ಯನ ಮಾತು ನಂಬ್ದೇ ಇರೋ ಯಂತ್ರಕ್ಕೆ ನಾನ್ಯಾಕೆ ಬಣ್ಣ ಹಚ್ಲಿ?"

ನೆಲಮಾಳಿಗೆ ಪೂರ್ತಿ ಚಪ್ಪಾಳೆ ತಟ್ಟಿತು. "ಕೂತ್ಕೊಳ್ಳಿ ಎಲ್ಲ!" ಎಂದು ಜಿಲ್ಬರ್ಟ್ ಗದರಿದಳು. ಎಲ್ಲರೂ ಕೂತೇ ಇದ್ದರು.

ಮನೆಗೆ ಹೋಗುವಾಗ ಪಿಕಪ್‌ನಲ್ಲಿ ಜಿಲ್ಬರ್ಟ್ ಹೇಳಿದಳು: "ಪ್ರೀತಿಗೇನೂ ಕೊರತೆಯಿಲ್ಲ, ಅತ್ತಿಗೆ. ಪ್ರೀತಿಯಿಂದಾನೇ ಸೋಲ್ತೀವಿ."

ದಾರಿ ಸಿಕ್ಕಿದ್ದು ಎರಡು ದಿನದ ಮೇಲೆ, ಲಿಜೋಟರ ಕಲ್ಲುಹೊಲದಲ್ಲಿ. ಆ ಇಳಿಜಾರಿಗೆ ಯಂತ್ರ ಇಳಿಯುವುದಿಲ್ಲ, ಅಲ್ಲಿ ಇನ್ನೂ ಕೈಯಲ್ಲೇ ಆಯುವುದು. ಬುಟ್ಟಿ ತುಂಬಿ ತುಂಬಿ ಪೀಪಾಯಿಗೆ ಸುರಿಯಬೇಕು, ಪೀಪಾಯಿ ತುಂಬಿದ ಮೇಲೆ ತಮ್ಮ ನಂಬರಿನ ಟಿಕೆಟ್ಟನ್ನು ಅದರ ಮೇಲಿಡಬೇಕು. ಸಂಜೆ ಲೆಕ್ಕ ಹಿಡಿಯುವುದು ಟಿಕೆಟ್ ನೋಡಿ. ಈ ಕಣಿವೆಯಲ್ಲಿ ಹುಟ್ಟಿದ ಯಾರೂ ಆ ಕೆಲಸ ಮಾಡದೆ ದೊಡ್ಡವರಾಗಿಲ್ಲ. ಫಿಲಿಯಾಸ್ ಮಾವ ಈಗಲೂ ಪ್ರತಿ ವರ್ಷ ಒಂದು ಬೆಳಿಗ್ಗೆ ಬಂದು, ಮೈ ಸಡಿಲಾಗಲಿ ಎಂದು ಆಯುತ್ತಿದ್ದ. ಮೈಗಿಂತ ಬಾಯಿ ಹೆಚ್ಚು ಆಡುತ್ತಿತ್ತು.

"ಈ ಪೀಪಾಯಿ ಯಾರ್ದು?" ಅವನು ಸಾಲಿನ ತುದಿಯಿಂದ ಕೂಗಿದ. "ಟಿಕೆಟ್ಟೇ ಇಲ್ಲ!"

"ನಂದು, ಮಾವ!" ಪಕ್ಕದ ಸಾಲಿನಿಂದ ಯಾರೋ ಹೆಂಗಸು ಕೂಗಿದಳು. "ತುಂಬಿದ್ದು ನಾನೇ, ನೀವೇ ನೋಡಿದ್ರಲ್ಲ!"

"ನೋಡಿದ್ರೇನಾಯ್ತು? ಟಿಕೆಟ್ ಇಲ್ದಿದ್ರೆ ಯಾರ್ದೂ ಅಲ್ಲ. ಬೆನ್ನು ಮುರ್ದು ತುಂಬಿ ಟಿಕೆಟ್ ಇಡದೇ ಹೋಗೋರು ದಡ್ಡರು!"

ಕ್ಲಾರಿಸ್ ಬುಟ್ಟಿ ಕೆಳಗಿಟ್ಟಳು.

"ಮಾವ, ಇನ್ನೊಂದ್ಸಲ ಹೇಳಿ."

"ಏನು?"

"ಈಗ ಅಂದ್ರಲ್ಲ, ಅದೇ. ಪೀಪಾಯಿ ತುಂಬಿದ್ದು ನೀವು ಕಣ್ಣಾರೆ ನೋಡಿದ್ದೀರಿ. ಆದ್ರೂ ಅವಳದ್ದಲ್ಲ ಅಂತೀರಿ. ಒಂದ್ಸಲ ತುಂಬಿದ್ರೆ ಸಾಲ್ದಾ?"

ಫಿಲಿಯಾಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ನಗತೊಡಗಿದ, ನಗುತ್ತ ಪೀಪಾಯಿಯ ಅಂಚು ಹಿಡಿದುಕೊಂಡ.

"ಸೊನ್ನೆ ಅಂದ್ರೆ ಟಿಕೆಟ್ಟು ಅಂತ ಅವತ್ತೇ ಹೇಳೋದಲ್ವೇನೇ, ಹುಡುಗಿ!"

ಅಂದಿನಿಂದ ಆರೂ ಊರುಗಳಲ್ಲಿ ಒಂದೇ ಪಾಠ ನಡೆಯಿತು. ಜಿಲ್ಬರ್ಟ್ ಎದ್ದು ನಿಂತು "ಟಿಕೆಟ್ ಇಲ್ಲದ ಪೀಪಾಯಿ ಯಾರ್ದು?" ಎಂದರೆ ಸಭೆಯೆಲ್ಲ ಒಟ್ಟಿಗೆ "ಯಾರ್ದೂ ಅಲ್ಲ!" ಎನ್ನುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ, ಬೇಟೆಯ ಜಿಂಕೆ ತೂಗುವ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಜನ ಒಬ್ಬರಿಗೊಬ್ಬರು "ಟಿಕೆಟ್ ಮರೀಬೇಡ" ಎಂದು ಹೇಳಿ ಬೀಳ್ಕೊಡುತ್ತಿದ್ದರು. ಅಕ್ಟೋಬರ್ ಕೊನೆಯ ಊಟದಲ್ಲಿ ಮತ್ತೆ ನಕಲು ಹಾಳೆ ಹಂಚಿದಾಗ ಒಂದೇ ಒಂದು ಸೊನ್ನೆಯೂ ಖಾಲಿ ಇರಲಿಲ್ಲ. ಕ್ಲಾರಿಸ್ ಸೊನ್ನೆಗಳನ್ನು ಮಾತ್ರ ನೋಡಿ ಹಾಳೆಗಳನ್ನು ಒಲೆಗೆ ಹಾಕಿದಳು. ಅದು ಅವಳು ಮಾಡಿದ ತಪ್ಪು.

ಚುನಾವಣೆಯ ದಿನ ಸಣ್ಣಗೆ ಹಿಮ ಉದುರುತ್ತಿತ್ತು. ಜಿಂಕೆ ಬೇಟೆಯ ಹಂಗಾಮು, ಕಾಡಿಗೆ ಹೋಗುವವರೆಲ್ಲ ಬೆಳಿಗ್ಗೆಯೇ ಬಂದರು. ಊರಭವನದ ಮುಂದೆ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿಗಳ ಸಾಲು. ಮತಗಟ್ಟೆಯ ಹತ್ತಿರ ಪ್ರಚಾರ ಮಾಡುವಂತಿಲ್ಲ. ಅನೆಟ್ ಸುಣ್ಣದಲ್ಲಿ ಎಳೆದ ಗೆರೆಯಾಚೆ, ರಸ್ತೆಬದಿಯಲ್ಲಿ ಕ್ಲಾರಿಸ್ ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದಳು. ಜಿಲ್ಬರ್ಟ್ ಕೆಳಗಿನ ಊರುಗಳಿಗೆ ಹೋಗಿದ್ದಳು.

ಫಿಲಿಯಾಸ್ ಮಾವ ಗೆದ್ದ ಕುದುರೆಯ ಹಾಗೆ ಹೊರಬಂದ.

"ಹಾಕ್ಬಿಟ್ಟೆ ನೋಡು, ಟಿಕೆಟ್ಟು! ಎಂಥಾ ಕಪ್ಪು ಅಂತೀಯಾ, ಯಂತ್ರಕ್ಕೆ ಕಣ್ಣಿಲ್ದಿದ್ರೂ ಕಾಣ್ಬೇಕು."

"ಹೆಸರೂ ಚೆನ್ನಾಗಿ ಬರೆದ್ರಾ?"

"ಹೆಸರಾ?"

"ಜಿಲ್ಬರ್ಟ್ ಹೆಸರು, ಮಾವ. ಗೆರೆ ಮೇಲೆ."

ಫಿಲಿಯಾಸ್ ಅವಳನ್ನೇ ನೋಡಿದ. "ಟಿಕೆಟ್ ಹಾಕಿದ್ನಲ್ಲಮ್ಮ. ಟಿಕೆಟ್ ಹಾಕಿದ್ರೆ ಅವಳದ್ದು ಅಂತ ನೀನೇ..." ಅವನು ಊರಭವನದ ಬಾಗಿಲ ಕಡೆ ತಿರುಗಿದ. "ಅಯ್ಯೋ ದೇವರೇ. ಖಾಲಿ ಪೀಪಾಯಿಗೆ ಟಿಕೆಟ್ ಇಟ್ನಾ ನಾನು?"

ಹೊಲದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಖಾಲಿ ಪೀಪಾಯಿಗೆ ಟಿಕೆಟ್ ಇಡುವವನು, ಬೇರೆಯವರು ತುಂಬಲಿ ಎಂದು ಕಾಯುವ ಕಳ್ಳ.

ಹಾಳೆ ಯಂತ್ರದೊಳಗೆ ಹೋಗಿತ್ತು, ಹಿಂದೆ ಬರುವ ಹಾಗಿರಲಿಲ್ಲ. ಕ್ಲಾರಿಸ್ ಹೊರಬರುತ್ತಿದ್ದ ಇನ್ನೊಬ್ಬನನ್ನು ಕೇಳಿದಳು. ಅವನು ಹೆಸರು ಬರೆದಿದ್ದ. ಅವನ ಹಿಂದಿನ ಹೆಂಗಸು ಬರೆದಿರಲಿಲ್ಲ. "ಟಿಕೆಟ್ಟು, ಟಿಕೆಟ್ಟು ಅಂತ ಮನಸಲ್ಲೇ ಹೇಳ್ಕೊಂಡ್ ಹೋದೆ, ಕ್ಲಾರಿಸ್," ಎಂದು ಆಕೆ ಅಳುವ ಹಾಗೆ ನಿಂತಳು. ವಾರಗಟ್ಟಲೆ ಇಡೀ ಕ್ಷೇತ್ರದ ಬಾಯಲ್ಲಿ ಒಂದೇ ಮಾತು ಕುಣಿಯುವ ಹಾಗೆ ಮಾಡಿದವಳು ಯಾರು? ಹೊಲ ಹೋದರೆ ಈಗ ಹಸ್ಕೆಲ್‌ರನ್ನು ಬೈಯುವ ಹಾಗೂ ಇಲ್ಲ.

ಅವಳು ರೊಝೇರ್‌ಗೆ ಫೋನ್ ಮಾಡಿದಳು. "ರೀ, ಮೂರು ಪೀಪಾಯಿ ತನ್ನಿ. ಎರಡು ತುಂಬಿದ್ದು, ಒಂದು ಖಾಲಿ. ಎರಡು ಟಿಕೆಟ್ಟೂ ತನ್ನಿ, ದೊಡ್ಡದಾಗಿ ಕಾಣೋ ಹಾಗೆ. ಕೆಂಪು ಬಣ್ಣದ ಡಬ್ಬಾನೂ."

ರೊಝೇರ್ ಯಾಕೆ ಎಂದು ಕೇಳಲಿಲ್ಲ. ಅವನು ಕೇಳುವ ಜಾತಿಯವನೇ ಅಲ್ಲ. ಹತ್ತು ಗಂಟೆಯೊಳಗೆ ಸುಣ್ಣದ ಗೆರೆಯಾಚೆ ಮೂರು ಪೀಪಾಯಿ ಸಾಲಾಗಿ ನಿಂತವು. ಮೊದಲನೆಯದು ತುಂಬಿದ್ದು, ಟಿಕೆಟ್ ಇಲ್ಲ, ಮೈಮೇಲೆ ಕೆಂಪು ಅಡ್ಡಗೀಟು. ಎರಡನೆಯದು ಖಾಲಿ, ಎಲ್ಲರಿಗೂ ತಳ ಕಾಣುವ ಹಾಗೆ ಓರೆಯಾಗಿ ಮಲಗಿಸಿದ್ದು. ಅದರ ಬಾಯಿಗೆ ಟಿಕೆಟ್, ಮೈಮೇಲೆ ಕೆಂಪು ಅಡ್ಡಗೀಟು. ಮೂರನೆಯದು ತುಂಬಿ ತುಳುಕುತ್ತಿತ್ತು, ನೆತ್ತಿಯ ಮೇಲೆ ಟಿಕೆಟ್, ಯಾವ ಗೀಟೂ ಇಲ್ಲ. ಎಲ್ಲೂ ಒಂದಕ್ಷರ ಬರೆದಿರಲಿಲ್ಲ.

ಬೇಟೆಗಾರರು ಬಂದು ನಿಂತು ನೋಡಿದರು. ಕೆಲವರು ನಕ್ಕರು. ಒಬ್ಬ "ಓಹೋ" ಎಂದ. ಅರ್ಥವಾಗದವರು ಯಾರೂ ಇರಲಿಲ್ಲ, ಯಾಕೆಂದರೆ ಖಾಲಿ ಪೀಪಾಯಿಯ ಪಕ್ಕದಲ್ಲಿ ಕಿತ್ತಳೆ ಅಂಗಿಯ ಫಿಲಿಯಾಸ್ ನಿಂತಿದ್ದ. ಮನೆಗೆ ಹೋಗಿ ಎಂದರೂ ಹೋಗಲಿಲ್ಲ.

"ಇದು ನಂದು," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ಇಷ್ಟು ವರ್ಷದಲ್ಲಿ ಮೊದಲ್ನೇ ಸಲ. ಮೊದ್ಲು ತುಂಬು, ಆಮೇಲೆ ಟಿಕೆಟ್ಟು. ನನ್ನ ಹಾಗೆ ಕತ್ತೆ ಆಗ್ಬೇಡ."

ಕ್ಲಾರಿಸ್ ಉಳಿದ ಐದೂ ಊರುಗಳಿಗೆ ಫೋನ್ ಮಾಡಿದಳು. ಪೀಪಾಯಿ ಇಲ್ಲದ ಕೊಟ್ಟಿಗೆ ಆ ಕಣಿವೆಯಲ್ಲಿಲ್ಲ. ಮಧ್ಯಾಹ್ನದೊಳಗೆ ಎಲ್ಲ ಕಡೆ ಮೂರು ಮೂರು ಪೀಪಾಯಿ ನಿಂತಿದ್ದವು. ಜಿಲ್ಬರ್ಟ್ ಫೋನಿನಲ್ಲಿ ಕಿರುಚಿದಳು: "ಇಲ್ಲಿ ಕೊಟ್ಟಿಗೆಯಿಂದ ಕೋಳಿ ಸಮೇತ ಪೀಪಾಯಿ ತಂದಿದ್ದಾರೆ, ಅತ್ತಿಗೆ!"

ಊಟದ ಹೊತ್ತಿಗೆ ಹಸ್ಕೆಲ್ ಸೇಂಟ್ ಒಡಿಲ್‌ಗೆ ಬಂದರು. ಎಲ್ಲ ಮತಗಟ್ಟೆಗೂ ಹೋಗಿ ಕೈಕುಲುಕುವುದು ಅವರ ಪದ್ಧತಿ. ಪೀಪಾಯಿಗಳ ಮುಂದೆ ಕಾರು ನಿಲ್ಲಿಸಿದರು.

"ಇದೇನಿದು?"

"ಆಲೂಗಡ್ಡೆ," ಎಂದ ರೊಝೇರ್.

"ಅದು ಕಾಣ್ತಾ ಇದೆ. ಇಲ್ಲಿ ಯಾಕೆ?"

"ಬೆಳೀತೀವಿ."

ಹಸ್ಕೆಲ್ ಒಳಗೆ ಹೋಗಿ ಅನೆಟ್‌ಳನ್ನು ಕರೆತಂದರು. ಅನೆಟ್ ಸುಣ್ಣದ ಗೆರೆ ನೋಡಿದಳು, ಪೀಪಾಯಿಗಳ ಸುತ್ತ ಒಂದು ಸುತ್ತು ಬಂದಳು, ಬಗ್ಗಿ ಖಾಲಿ ಪೀಪಾಯಿಯ ಒಳಗೂ ನೋಡಿದಳು.

"ಗೆರೆಯಿಂದ ಆಚೆ ಇದೆ. ಯಾರ ಹೆಸರೂ ಇಲ್ಲ. ಆಲೂಗಡ್ಡೆ ಯಾವ ಪಕ್ಷದ್ದು ಅಂತ ನಾನ್ ಹೇಗೆ ಹೇಳ್ಲಿ, ಸರ್?"

ಆ ಸಂಜೆ ಎಣಿಕೆ ಮುಗಿದಾಗ ಜಿಲ್ಬರ್ಟ್ ಇಪ್ಪತ್ತಮೂರು ಮತಗಳಿಂದ ಮುಂದಿದ್ದಳು. ಮರುದಿನ ಹಸ್ಕೆಲ್ ಮರುಎಣಿಕೆ ಕೇಳಿದರು. ಕೇಳುವ ಹಕ್ಕು ಅವರಿಗಿತ್ತು, ಕೇಳದಿದ್ದರೆ ಮೂರ್ಖರಾಗುತ್ತಿದ್ದರು.

ರಾಜಧಾನಿಗೆ ಐದು ಗಂಟೆಯ ದಾರಿ. ದೊಡ್ಡ ಕಿಟಕಿಗಳ ಒಂದು ಕೋಣೆಯಲ್ಲಿ ಉದ್ದ ಮೇಜು ಹಾಕಿ, ಒಂದು ಕಡೆ ಹಸ್ಕೆಲ್ ಮತ್ತು ಅವರ ವಕೀಲೆಯನ್ನು, ಇನ್ನೊಂದು ಕಡೆ ಜಿಲ್ಬರ್ಟ್ ಮತ್ತು ಕ್ಲಾರಿಸ್‌ರನ್ನು ಕೂರಿಸಿದರು. ಅಧಿಕಾರಿ ಒಂದೊಂದೇ ಹಾಳೆ ಎತ್ತಿ ಎರಡೂ ಕಡೆಗೆ ತೋರಿಸುವುದು, ಅವರು ಒಪ್ಪುವುದು ಅಥವಾ ತಕರಾರು ಹೇಳುವುದು. ವಕೀಲೆ ಚುರುಕು ಹೆಂಗಸು.

"ಕೈಯಲ್ಲಿ ಬರೆದ ಮತಗಳಲ್ಲಿ ಒಂದಷ್ಟು ಯಾವಾಗ್ಲೂ ಬಿದ್ದು ಹೋಗ್ತವೆ," ಎಂದಳು ಕೂರುತ್ತ, ಸ್ನೇಹದಿಂದಲೇ. "ಬೇಜಾರ್ ಮಾಡ್ಕೋಬೇಡಿ."

"ನಾವು ಬೆಳೆದಿದ್ರಲ್ಲೂ ಒಂದಷ್ಟು ಕೊಳೆಯತ್ತೆ," ಎಂದಳು ಜಿಲ್ಬರ್ಟ್. "ನೋಡೋಣ."

ಹಾಳೆಗಳು ಬರತೊಡಗಿದವು. ಜಿಲ್ಬರ್ಟ್ ಪ್ಲೂರ್ಡ್, ಸೊನ್ನೆ ಕಪ್ಪು. ಜಿಲ್ಬರ್ಟ್ ಪ್ಲೂರ್ಡ್, ಸೊನ್ನೆ ಕಪ್ಪು. ಹುಬ್ಬು ಗಂಟಿಕ್ಕಿ ತುಂಬಿದ ಸೊನ್ನೆಗಳು, ಅಂಚು ಎಲ್ಲೂ ಮೀರದ ಸೊನ್ನೆಗಳು, ಹಾಳೆ ಹಿಂದಕ್ಕೆ ಉಬ್ಬುವಷ್ಟು ಒತ್ತಿದ ಸೊನ್ನೆಗಳು. ಒಬ್ಬರು ಹೆಸರಿನ ಮುಂದೆ ಪುಟ್ಟ ಪೀಪಾಯಿಯ ಚಿತ್ರ ಬರೆದಿದ್ದರು. ವಕೀಲೆ ಅದಕ್ಕೆ ತಕರಾರು ಹೇಳಿದಳು, ಅಧಿಕಾರಿ ತಳ್ಳಿಹಾಕಿದರು. ಗಂಟೆ ಕಳೆಯುವುದರೊಳಗೆ ವಕೀಲೆಯ ಪೆನ್ನು ಬರೆಯುವುದನ್ನು ನಿಲ್ಲಿಸಿತ್ತು.

ಆಮೇಲೆ ಸೇಂಟ್ ಒಡಿಲ್‌ನ ಕಟ್ಟು ಬಿಚ್ಚಿದರು. ಮೇಲಿನ ಹಾಳೆಯಲ್ಲಿ ಸೊನ್ನೆ ಇದ್ದಿಲಿನಷ್ಟು ಕಪ್ಪು. ಗೆರೆ ಖಾಲಿ.

ವಕೀಲೆ ನೆಟ್ಟಗೆ ಕೂತಳು. ಇನ್ನೊಂದು ಖಾಲಿ. ಮತ್ತೊಂದು. ಅಧಿಕಾರಿ ಅವನ್ನು ಪಕ್ಕದಲ್ಲಿ ಬೇರೆಯಾಗಿ ಇಡುತ್ತ ಹೋದರು. ಬೇರೆ ಊರುಗಳ ಕಟ್ಟಿನಿಂದಲೂ ಒಂದೆರಡು ಬಂದು ಸೇರಿದವು. ಒಂದು ಊರಿನಲ್ಲಿ ಅಂಥ ನಾಲ್ಕು ಖಾಲಿ ಗೆರೆಗಳನ್ನು ಸುಸ್ತಾದ ಕಣ್ಣು ಜಿಲ್ಬರ್ಟ್ ಲೆಕ್ಕಕ್ಕೆ ಸೇರಿಸಿಬಿಟ್ಟಿತ್ತು. ಅವು ಕಳೆದವು. ಕ್ಲಾರಿಸ್ ಆ ಪುಟ್ಟ ಗುಡ್ಡೆಯನ್ನೇ ನೋಡುತ್ತಿದ್ದಳು. ಪ್ರತಿ ಹಾಳೆಯಲ್ಲೂ ಅವಳಿಗೆ ಗೊತ್ತಿದ್ದ ಒಂದು ಮುಖ ಇತ್ತು, ಪ್ರತಿ ಮುಖವೂ ಅವಳು ಹೇಳಿಕೊಟ್ಟದ್ದನ್ನೇ ಮಾಡಿತ್ತು. ಗುಡ್ಡೆ ಇನ್ನೆಷ್ಟು ಬೆಳೆಯುತ್ತದೆ? ಮೇಜಿನ ಕೆಳಗೆ ಜಿಲ್ಬರ್ಟ್ ಅವಳ ಮಣಿಕಟ್ಟು ಹಿಡಿದಳು.

"ಉಸಿರು ಬಿಡಿ, ಅತ್ತಿಗೆ."

"ನನ್ನಿಂದಾನೇ ಕಣೇ ಇದು."

"ಹೌದು, ನಿಮ್ಮಿಂದಾನೇ. ಆ ಕಡೆ ದೊಡ್ಡ ಗುಡ್ಡೆ ಕಾಣ್ತಿದೆಯಲ್ಲ, ಅದೂ ನಿಮ್ಮಿಂದಾನೇ. ಸುಮ್ನೆ ಕೂತ್ಕೊಳ್ಳಿ."

ಬಸ್ಸಿನಲ್ಲಿ ಮಕ್ಕಳನ್ನು ಗದರುವ ಧ್ವನಿ. ಕ್ಲಾರಿಸ್ ಸುಮ್ಮನೆ ಕೂತಳು.

ಖಾಲಿ ಹಾಳೆಗಳು ಮೂವತ್ತೊಂದಕ್ಕೆ ನಿಂತವು. ಕೊನೆಯ ಕಟ್ಟು ಮುಗಿದ ಮೇಲೆ ಅಧಿಕಾರಿ ಎರಡು ಸಲ ಕೂಡಿಸಿ, ಇನ್ನೊಬ್ಬರ ಕೈಯಲ್ಲೂ ಲೆಕ್ಕ ಮಾಡಿಸಿ, ಎದ್ದು ಓದಿದರು. ಅಂತರ ಹತ್ತೊಂಬತ್ತು. ಗೆದ್ದವರು ಜಿಲ್ಬರ್ಟ್ ಪ್ಲೂರ್ಡ್.

ಯಾರೂ ಕೂಗಲಿಲ್ಲ, ಅಂಥ ಕೋಣೆ ಅದಲ್ಲ. ಜ್ಯೂರಿಯ ಮುಂದೆ ನಿಂತವಳ ಹಾಗೆ ಜಿಲ್ಬರ್ಟ್ ಕೋಟಿನ ಗುಂಡಿ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. ಕ್ಲಾರಿಸ್ ಲೆಕ್ಕ ಹಾಕುತ್ತಿದ್ದಳು: ಪೀಪಾಯಿಗಳು ಬೆಳಿಗ್ಗೆಯ ಬದಲು ಮಧ್ಯಾಹ್ನ ಬಂದಿದ್ದರೆ ಇಷ್ಟು ಹೊತ್ತಿಗೆ ಗೆದ್ದು ಅಂಗಿ ಸರಿಮಾಡಿಕೊಳ್ಳುತ್ತಿದ್ದವರು ಹಸ್ಕೆಲ್.

ಹಸ್ಕೆಲ್ ಮೇಜು ಸುತ್ತಿ ಬಂದು ಇಬ್ಬರ ಕೈಯನ್ನೂ ಕುಲುಕಿದರು. ಮುಖ ಬಾಡಿತ್ತು, ಮರ್ಯಾದೆ ಬಾಡಿರಲಿಲ್ಲ.

"ಇಷ್ಟು ಶ್ರದ್ಧೆಯಿಂದ ಸೊನ್ನೆ ತುಂಬಿದ ಜನರನ್ನ ನಾನು ನೋಡಿಲ್ಲ," ಎಂದರು. "ಮಾರ್ಚ್ ಮುಗ್ದೋಯ್ತು ಅಂತ ನಾನು ಅವತ್ತು ಹೇಳ್ಬಾರ್ದಿತ್ತು."

"ಹೇಳಿದ್ದು ಒಳ್ಳೇದೇ ಆಯ್ತು," ಎಂದಳು ಕ್ಲಾರಿಸ್. ಸಿಟ್ಟಿಲ್ಲದಿದ್ದಾಗ ಅವಳಿಗೆ ಮಾತು ಸಲೀಸು. "ಹೇಳ್ದೇ ಇದ್ದಿದ್ರೆ ನಾನು ಆ ಗೆರೆ ನೋಡ್ತಾನೇ ಇರ್ಲಿಲ್ಲ."

ಊರಿಗೆ ಬಂದಾಗ ಹಿಂಕೇರಿ ರಸ್ತೆಯ ಬಾಯಲ್ಲಿ ಪಿಕಪ್‌ಗಳು ಸಾಲಾಗಿ ನಿಂತು ಹಾರ್ನ್ ಬಾರಿಸುತ್ತಿದ್ದವು. ಫಿಲಿಯಾಸ್ ತನ್ನ ಖಾಲಿ ಪೀಪಾಯಿಯನ್ನು ಅಲ್ಲಿಗೂ ತಂದಿದ್ದ, ಅದನ್ನು ಕೋಲಿನಿಂದ ಡೋಲಿನ ಹಾಗೆ ಬಡಿಯುತ್ತಿದ್ದ. ರೊಝೇರ್ ಮಧ್ಯೆ ನಿಂತು ಅಳುತ್ತಿದ್ದ. ಯಾಕೆ ಎಂದು ಯಾರೂ ಕೇಳಲಿಲ್ಲ.

ಜನವರಿಯಲ್ಲಿ ಹೊಸ ವಿಧಾನಸಭೆ ಕೂತಿತು. ಬೂದು ಬಣ್ಣದ ರಸ್ತೆಗಳ ಪ್ರಸ್ತಾಪ ಬಂದ ದಿನ, ಸಮಿತಿಯಲ್ಲಿ ಸ್ಥಾನ ಪಡೆದಿದ್ದ ಜಿಲ್ಬರ್ಟ್ ಎದ್ದು ನಿಂತು, ಆ ರಸ್ತೆಯ ಒಂದೊಂದು ತಿರುವನ್ನೂ ಹೆಸರಿಟ್ಟು ಕರೆಯುತ್ತ ಮಾತಾಡಿದಳು. ಮಧ್ಯೆ ಎದ್ದ ಒಬ್ಬ ಸದಸ್ಯರಿಗೆ "ಕೂತ್ಕೊಳ್ಳಿ" ಎಂದಳಂತೆ, ಅವರು ಕೂತರಂತೆ. ಹಿಂಕೇರಿ ರಸ್ತೆ ಪಟ್ಟಿಯಿಂದ ಹೊರಬಂತು.

ಫೆಬ್ರವರಿಯ ಮೊದಲ ದೊಡ್ಡ ಹಿಮ ಬಿದ್ದು ನಿಂತ ಬೆಳಿಗ್ಗೆ ಕ್ಲಾರಿಸ್ ಗೇಟಿನ ಹತ್ತಿರ ಅಂಚೆ ಡಬ್ಬವನ್ನು ಹಿಮದಿಂದ ಅಗೆದು ತೆಗೆಯುತ್ತಿದ್ದಳು. ಉಗ್ರಾಣದ ಮುಂದೆ ಲಾರಿ ಅರ್ಧ ತುಂಬಿ ನಿಂತಿತ್ತು. ದೂರದಲ್ಲಿ ಸದ್ದು ಕೇಳಿತು. ಹಳದಿ ದೀಪ ತಿರುಗಿಸುತ್ತ ಗಾಡಿ ತಿರುವಿನಲ್ಲಿ ಕಾಣಿಸಿಕೊಂಡು, ರಸ್ತೆಯಗಲ ಹಿಮವನ್ನು ಬಾಚಿ ಪಕ್ಕಕ್ಕೆ ಚಿಮ್ಮುತ್ತ, ಕ್ಲಾರಿಸ್ ಹಿಂದಕ್ಕೆ ಹಾರುವುದರೊಳಗೆ ಮುಂದೆ ಹೋಯಿತು. ಅಂಚೆ ಡಬ್ಬ ಕಂಬದ ಸಮೇತ ಬುಡಮೇಲಾಗಿ ಹಿಮದ ರಾಶಿಯೊಳಗೆ ಹುಗಿದುಹೋಯಿತು. ಚಾಲಕ ಕೈ ಬೀಸಿದ, ನಿಲ್ಲಿಸಲಿಲ್ಲ.

ಅವಳು ಅಲ್ಲೇ ನಿಂತು ಫೋನ್ ತೆಗೆದಳು.

"ಏನ್ ಅತ್ತಿಗೆ, ಗಾಡಿ ಬಂತಾ?" ಎಂದಳು ಆ ಕಡೆಯಿಂದ ಶಾಸಕಿ.

"ಬಂತು. ನನ್ನ ಅಂಚೆ ಡಬ್ಬ ಮುರ್ದು ಹಾಕ್ತು."

"ಅಯ್ಯೋ! ದೂರು ಬರ್ದು ಕೊಡ್ಲಾ?"

"ಬಾಯ್ ಮುಚ್ಚೇ," ಎಂದಳು ಕ್ಲಾರಿಸ್. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಪ್ರತೀ ಸಲ ಮುರೀಲಿ. ಶನಿವಾರ ಬರುವಾಗ ಕಾವಲಿ ತಗೊಂಡ್ ಬಾ. ಹಿಟ್ಟು ನಾನು ಕಲಸಿಡ್ತೀನಿ."

ಲಾರಿಯ ಚಾಲಕ ಎಂಜಿನ್ ಚಾಲೂ ಮಾಡಿದ. ಅವಳು ಸಲಿಕೆ ಹೆಗಲಿಗೆ ಹಾಕಿಕೊಂಡು, ಉಳಿದ ಪೀಪಾಯಿಗಳನ್ನು ಏರಿಸಲು ಉಗ್ರಾಣದ ಕಡೆ ನಡೆದಳು.